ಆರು ಗಂಟೆಯ ಸುದ್ದಿ, ಎಂಟು ಗಂಟೆಯ ಧಾರಾವಾಹಿ: ಕೆನಡಾದ ಲೋಕಲ್ ಟಿವಿ ಜಗಳ

2009ರಲ್ಲಿ ಕೆನಡಾದಲ್ಲಿ ಟಿವಿ ಸ್ಟೇಷನ್‌ಗಳು ತರಕಾರಿಗಿಂತ ಅಗ್ಗವಾಗಿದ್ದವು. ಬ್ರ್ಯಾಂಡನ್ ಅನ್ನುವ ಊರಿನ ಸ್ಟೇಷನ್ನಿಗೆ ಕಟ್ಟಿದ ಬೆಲೆ 1 ಡಾಲರ್. ವಿಕ್ಟೋರಿಯಾದ ಸ್ಟೇಷನ್ 2 ಡಾಲರಿಗೆ ಹೋಯಿತು. ಹ್ಯಾಮಿಲ್ಟನ್ನಿನದು ಒಂದು, ಮಾಂಟ್ರಿಯಲ್ಲಿನದು ಒಂದು, ಎರಡೂ ಸೇರಿ 12 ಡಾಲರ್. ತಮಾಷೆಗೆ ಹೇಳುತ್ತಿಲ್ಲ, ಕಾಗದಪತ್ರದ ಬೆಲೆಯೇ ಅದು. ಕೊಂಡವರು ಸ್ಟೇಷನ್ನಿನ ಜೊತೆಗೆ ಅದರ ನಷ್ಟವನ್ನೂ ಹೊತ್ತುಕೊಳ್ಳಬೇಕಿತ್ತು ಅನ್ನುವುದು ಬೇರೆ ಮಾತು.

ಆಗಸ್ಟ್ 2009ಕ್ಕೆ ಮುಗಿದ ಅದೇ ವರ್ಷ ಕೆನಡಾದ ಖಾಸಗಿ ಸ್ಟೇಷನ್‌ಗಳು ಹೊರದೇಶದ ಕಾರ್ಯಕ್ರಮ ಕೊಳ್ಳಲು ಖರ್ಚು ಮಾಡಿದ್ದು ಸುಮಾರು 84 ಕೋಟಿ ಡಾಲರ್. ಹೆಚ್ಚುಕಡಿಮೆ ಎಲ್ಲವೂ ಅಮೆರಿಕದ ಧಾರಾವಾಹಿ, ರಿಯಾಲಿಟಿ ಶೋ. ಸ್ವಂತ ದೇಶದ ಕಾರ್ಯಕ್ರಮಗಳಿಗೆ ಸುಮಾರು 60 ಕೋಟಿ. ಹಿಂದಿನ ವರ್ಷಕ್ಕೆ ಹೋಲಿಸಿದರೆ ಹೊರಗಿನ ಖರ್ಚು ಏರಿತ್ತು, ಮನೆಯ ಖರ್ಚು ಇಳಿದಿತ್ತು.

ಇದೇ ಕಂಪನಿಗಳು ಆ ವರ್ಷವೇ ಜನರ ಮುಂದೆ ಬಂದು 'ನಿಮ್ಮ ಊರಿನ ಟಿವಿ ಸಾಯುತ್ತಿದೆ, ಉಳಿಸಿ' ಎಂದು ಕೇಳಿಕೊಂಡವು. ಕೇಳಿದ್ದು ದುಡ್ಡನ್ನ. ಕೊಡಬೇಕಾಗಿದ್ದವರು ಕೇಬಲ್ ಮತ್ತು ಡಿಶ್ ಕಂಪನಿಗಳು, ಅಂದರೆ ಸುತ್ತಿ ಬಳಸಿ ತಿಂಗಳ ಬಿಲ್ ಕಟ್ಟುವವರು. ಜಗಳ ಮೂರು ವರ್ಷ ನಡೆದು ಸುಪ್ರೀಂ ಕೋರ್ಟಿನ ತನಕ ಹೋಯಿತು. ನನಗೆ ಇದರಲ್ಲಿ ಕುತೂಹಲ ಹುಟ್ಟಿಸಿದ್ದು ಯಾರು ಗೆದ್ದರು ಅನ್ನುವುದಲ್ಲ. ಆರು ಗಂಟೆಯ ಸುದ್ದಿಯ ಹೆಸರಲ್ಲಿ ದುಡ್ಡು ಕೇಳಿದವರನ್ನು ಎಂಟು ಗಂಟೆಗೆ ಏನು ಹಾಕುತ್ತೀರಿ ಎಂದು ಗಟ್ಟಿಯಾಗಿ ಕೇಳಿದವರು ತುಂಬ ಕಡಿಮೆ. ಈ ಪ್ರಕರಣವನ್ನು ಗಡಿಯಾರ ಇಟ್ಟುಕೊಂಡೇ ಓದಬೇಕು.

ಬೇಡಿಕೆ ಏನಿತ್ತು

ಕೆನಡಾದ ಹಳೆಯ ಪದ್ಧತಿ ಹೀಗೆ. ಊರಿನ ಸ್ಟೇಷನ್ ಗಾಳಿಯಲ್ಲಿ ಸಿಗ್ನಲ್ ಬಿಡುತ್ತದೆ. ಆಂಟೆನಾ ಇದ್ದವರು ಪುಕ್ಕಟೆ ನೋಡಬಹುದು. ಕೇಬಲ್ ಕಂಪನಿ ಆ ಸಿಗ್ನಲ್ಲನ್ನು ಹಿಡಿದು ತನ್ನ ಗ್ರಾಹಕರಿಗೆ ತೋರಿಸುತ್ತದೆ, ತೋರಿಸಲೇಬೇಕು ಅಂತ ನಿಯಮವೂ ಇದೆ. ಅದಕ್ಕಾಗಿ ಸ್ಟೇಷನ್ನಿಗೆ ಏನೂ ಕೊಡಬೇಕಿಲ್ಲ. ಸ್ಟೇಷನ್ನಿನ ಆದಾಯ ಬರೀ ಜಾಹೀರಾತು.

ಕ್ರೀಡೆ, ಅಡುಗೆ, ಸಿನಿಮಾ ಅಂತ ಇರುವ ವಿಶೇಷ ಚಾನೆಲ್‌ಗಳ ಕಥೆ ಬೇರೆ. ಅವಕ್ಕೆ ಜಾಹೀರಾತೂ ಸಿಗುತ್ತದೆ, ಗ್ರಾಹಕರ ಬಿಲ್ಲಿನಲ್ಲಿ ಪಾಲೂ ಸಿಗುತ್ತದೆ. 2009ರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮನೆಗಳು ಟಿವಿ ನೋಡುತ್ತಿದ್ದದ್ದು ಕೇಬಲ್ ಅಥವಾ ಡಿಶ್‌ನಲ್ಲೇ. 'ನಮ್ಮ ಸರಕು ಮಾರಿ ಅವರು ಬಿಲ್ ಮಾಡುತ್ತಾರೆ, ನಮಗೆ ಬಿಡಿಗಾಸಿಲ್ಲ' ಅನ್ನುವುದು ಊರೂರಲ್ಲಿ ಸ್ಟೇಷನ್ ಇಟ್ಟುಕೊಂಡಿದ್ದ ದೊಡ್ಡ ಖಾಸಗಿ ನೆಟ್‌ವರ್ಕ್‌ಗಳಾದ ಸಿಟಿವಿ ಮತ್ತು ಗ್ಲೋಬಲ್‌ಗಳ ದೂರು. ಒಂದು ಸ್ಟೇಷನ್ನಿಗೆ ಗ್ರಾಹಕನೊಬ್ಬನ ಲೆಕ್ಕದಲ್ಲಿ ತಿಂಗಳಿಗೆ 50 ಸೆಂಟ್ ಕೊಡಿಸಿ ಎಂದು ಅವು ಮೊದಲೇ ಕೇಳಿದ್ದವು.

ನಮ್ಮವರಿಗೆ ಇದು ತಲೆಕೆಳಗಾದ ಲೆಕ್ಕದಂತೆ ಕಾಣುತ್ತದೆ. ನಮ್ಮಲ್ಲಿ ಚಾನೆಲ್ಲೇ ಕೇಬಲ್‌ನವರಿಗೆ ಕ್ಯಾರೇಜ್ ಶುಲ್ಕ ಕೊಟ್ಟು ಜಾಗ ಹಿಡಿಯುವುದು ರೂಢಿ. ಅಲ್ಲಿ ಕೇಬಲ್‌ನವರು ಚಾನೆಲ್ಲಿಗೆ ಕೊಡಬೇಕು ಅಂತ ಹೋರಾಟ.

ಕೆನಡಾದ ಪ್ರಸಾರ ನಿಯಂತ್ರಣ ಸಂಸ್ಥೆಯ ಹೆಸರು ಸಿಆರ್‌ಟಿಸಿ. ನಮ್ಮ ಟ್ರಾಯ್ ಥರ, ಆದರೆ ಕಾರ್ಯಕ್ರಮದ ವಿಷಯದಲ್ಲೂ ಅದಕ್ಕೆ ಅಧಿಕಾರ ಇದೆ. ಈ ಬೇಡಿಕೆಯನ್ನು ಅದು 2007ರಲ್ಲಿ ತಳ್ಳಿಹಾಕಿತು. 2008ರಲ್ಲಿ ಮತ್ತೆ ತಳ್ಳಿಹಾಕಿತು, ಆದರೆ ಸಮಾಧಾನಕ್ಕೆ ಒಂದು ನಿಧಿ ಮಾಡಿಕೊಟ್ಟಿತು. ಕೇಬಲ್ ಮತ್ತು ಡಿಶ್ ಕಂಪನಿಗಳು ತಮ್ಮ ಪ್ರಸಾರ ಆದಾಯದ ಶೇ 1ರಷ್ಟು ಅದಕ್ಕೆ ಹಾಕಬೇಕು, ಆ ದುಡ್ಡು 10 ಲಕ್ಷಕ್ಕಿಂತ ಕಡಿಮೆ ಜನ ಇರುವ ಊರುಗಳ ಸ್ಟೇಷನ್‌ಗಳಿಗೆ ಹೋಗಬೇಕು. ಜುಲೈ 2009ರಲ್ಲಿ ಅದನ್ನು ಶೇ 1.5ಕ್ಕೆ ಏರಿಸಿದರು. ಕೆಲವು ಕಂಪನಿಗಳು ಆ ಮೊತ್ತವನ್ನು ತಾವು ಭರಿಸಲಿಲ್ಲ. ಬಿಲ್ಲಿನಲ್ಲಿ ಹೊಸದೊಂದು ಸಾಲು ಸೇರಿಸಿ ಗ್ರಾಹಕರಿಂದಲೇ ವಸೂಲಿ ಮಾಡಿದವು. ಮುಂದೆ ಏನಾಗಬಹುದು ಅನ್ನುವುದಕ್ಕೆ ಆ ಸಾಲೇ ಸೂಚನೆಯಾಗಿತ್ತು.

ಗಡಿಯಾಚೆಯಿಂದ ಬರುವ ವೇಳಾಪಟ್ಟಿ

ಈ ಪ್ರಕರಣದ ಗಂಟು ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೆನಡಾದ ಜನರಲ್ಲಿ ಬಹುಪಾಲು ಅಮೆರಿಕದ ಗಡಿಗೆ ಹತ್ತಿರದಲ್ಲಿದ್ದಾರೆ. ಟೊರೊಂಟೊದವರಿಗೆ ಬಫಲೋ ನಗರದ ಸ್ಟೇಷನ್‌ಗಳು ಸಿಗುತ್ತವೆ, ವಿಂಡ್ಸರ್‌ನವರಿಗೆ ನದಿಯಾಚೆಯ ಡೆಟ್ರಾಯಿಟ್. ಒಂದೇ ಅಮೆರಿಕನ್ ಧಾರಾವಾಹಿ ಎರಡು ಚಾನೆಲ್‌ಗಳಲ್ಲಿ ಬಂದರೆ ಜಾಹೀರಾತಿನ ದುಡ್ಡು ಗಡಿಯಾಚೆ ಹೋಗುತ್ತದೆ. ಇದನ್ನು ತಡೆಯಲು 1970ರ ದಶಕದಲ್ಲೇ ಒಂದು ಉಪಾಯ ಮಾಡಿದರು. ಕೆನಡಾದ ಸ್ಟೇಷನ್ ಮತ್ತು ಅಮೆರಿಕದ ಸ್ಟೇಷನ್ ಒಂದೇ ಕಾರ್ಯಕ್ರಮವನ್ನು ಒಂದೇ ಹೊತ್ತಿಗೆ ತೋರಿಸುತ್ತಿದ್ದರೆ, ಕೇಬಲ್ ಕಂಪನಿ ಅಮೆರಿಕದ ಸಿಗ್ನಲ್ಲನ್ನು ತೆಗೆದು ಅದರ ಜಾಗದಲ್ಲಿ ಕೆನಡಾದ್ದನ್ನು ಕೂರಿಸಬೇಕು. ನೋಡುವವರು ಬಫಲೋ ಚಾನೆಲ್ ಹಾಕಿದರೂ ಕಾಣುವುದು ಟೊರೊಂಟೊದ ಜಾಹೀರಾತು.

ಕೇಳಲು ಜಾಣತನದ ಉಪಾಯ. ಇದರಿಂದ ಕೆನಡಾದ ಖಾಸಗಿ ಟಿವಿಗೆ ಪ್ರತಿ ವರ್ಷ ಕೋಟ್ಯಂತರ ಡಾಲರ್ ಉಳಿಯಿತು. ಆದರೆ 'ಒಂದೇ ಹೊತ್ತಿಗೆ' ಅನ್ನುವ ಷರತ್ತು ಇದೆಯಲ್ಲ, ಅದು ಇಡೀ ಸಂಜೆಯನ್ನು ನುಂಗಿಹಾಕಿತು. ಅಮೆರಿಕದ ನೆಟ್‌ವರ್ಕ್ ಗುರುವಾರ ಒಂಬತ್ತಕ್ಕೆ ಹಾಕಿದರೆ ಇವರೂ ಗುರುವಾರ ಒಂಬತ್ತಕ್ಕೇ ಹಾಕಬೇಕು. ಅವರು ಮಂಗಳವಾರಕ್ಕೆ ಬದಲಿಸಿದರೆ ಇವರೂ ಬದಲಿಸಬೇಕು. ಅಲ್ಲಿ ಮೊದಲೇ ಇದ್ದ ಕೆನಡಾದ ಧಾರಾವಾಹಿ ಶುಕ್ರವಾರಕ್ಕೋ ಶನಿವಾರಕ್ಕೋ ಸರಿಯುತ್ತದೆ, ನೋಡುವವರಿಗೆ ಅದು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಸಂಜೆಯ ವೇಳಾಪಟ್ಟಿ ತಯಾರಾಗುತ್ತಿದ್ದದ್ದು ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್‌ನಲ್ಲಿ. ಕೆನಡಾದ ಅಧಿಕಾರಿಗಳು ಪ್ರತಿ ಮೇ ತಿಂಗಳು ಲಾಸ್ ಏಂಜಲೀಸ್‌ಗೆ ಹೋಗಿ, ಹೊಸ ಧಾರಾವಾಹಿಗಳ ಮೊದಲ ಕಂತು ನೋಡಿ, ಒಬ್ಬರ ಮೇಲೊಬ್ಬರು ಬೆಲೆ ಏರಿಸಿ ಕೊಂಡು ಬರುತ್ತಿದ್ದರು. ನಮ್ಮ ಎಪಿಎಂಸಿ ಹರಾಜೇ, ಕೋಟು ಹಾಕಿಕೊಂಡು ಕೂಗುವುದು ಅಷ್ಟೇ.

ಹಾಗಾದರೆ ಕೆನಡಾದ ಕಾರ್ಯಕ್ರಮ ಇಷ್ಟು ಇರಲೇಬೇಕು ಅನ್ನುವ ನಿಯಮ ಇರಲಿಲ್ಲವೇ? ಇತ್ತು. ದಿನದ ಲೆಕ್ಕದಲ್ಲಿ ಶೇ 60, ಸಂಜೆ ಆರರಿಂದ ರಾತ್ರಿ ಹನ್ನೆರಡರ ನಡುವೆ ಶೇ 50. ಸಂಜೆಯ ಆರು ಗಂಟೆಗಳಲ್ಲಿ ಮೂರು ಗಂಟೆ ಸ್ವದೇಶಿ ಇರಬೇಕು ಎಂದಾಯಿತು. ಈಗ ಗಡಿಯಾರ ನೋಡಿ. ಆರರಿಂದ ಏಳು ಊರಿನ ಸುದ್ದಿ. ಹನ್ನೊಂದರಿಂದ ಹನ್ನೆರಡು ಮತ್ತೆ ಸುದ್ದಿ. ಅಲ್ಲಿಗೆ ಎರಡು ಗಂಟೆ ಆಯಿತು. ಏಳಕ್ಕೆ ಸಿನಿಮಾ ತಾರೆಯರ ಸುದ್ದಿ ಹೇಳುವ ಅರ್ಧ ಗಂಟೆಯ ಕಾರ್ಯಕ್ರಮ. ಅದನ್ನು ಟೊರೊಂಟೊದಲ್ಲಿ ಕೂತು ಮಾಡಿದರೆ ಸಾಕು, ಅದೂ ಸ್ವದೇಶಿ. ಎಂಟರಿಂದ ಹನ್ನೊಂದರ ತನಕದ ಬಂಗಾರದ ಹೊತ್ತು ಹೆಚ್ಚುಕಡಿಮೆ ಪೂರ್ತಿ ಅಮೆರಿಕಕ್ಕೆ ಖಾಲಿ.

1999ರಲ್ಲಿ ಸಿಆರ್‌ಟಿಸಿ ಈ ದಾರಿಯನ್ನು ಇನ್ನೂ ಅಗಲ ಮಾಡಿತು. ಸ್ವದೇಶಿ ಕಾರ್ಯಕ್ರಮಕ್ಕೆ ಇಷ್ಟು ದುಡ್ಡು ಖರ್ಚು ಮಾಡಲೇಬೇಕು ಅಂತ ದೊಡ್ಡ ನೆಟ್‌ವರ್ಕ್‌ಗಳಿಗೆ ಇದ್ದ ಷರತ್ತನ್ನು ತೆಗೆಯಿತು. ಅದರ ಬದಲು ವಾರಕ್ಕೆ ಎಂಟು ಗಂಟೆ 'ಆದ್ಯತೆಯ ಕಾರ್ಯಕ್ರಮ' ಹಾಕಿ ಅಂದಿತು. ಆ ಪಟ್ಟಿಯಲ್ಲಿ ನಾಟಕ, ಸಾಕ್ಷ್ಯಚಿತ್ರದ ಜೊತೆ ಮನರಂಜನಾ ಸುದ್ದಿಯ ಕಾರ್ಯಕ್ರಮಕ್ಕೂ ಜಾಗ ಕೊಟ್ಟಿತು. ಒಂದು ಗಂಟೆಯ ಧಾರಾವಾಹಿ ಮಾಡುವ ಖರ್ಚಿಗೂ ಹಾಲಿವುಡ್ ಗಾಸಿಪ್ ಕಾರ್ಯಕ್ರಮದ ಖರ್ಚಿಗೂ ಅಜಗಜಾಂತರ. ಲೆಕ್ಕ ಬಲ್ಲವರು ಯಾವುದನ್ನು ಆರಿಸಿಕೊಂಡರು ಅಂತ ಹೇಳಬೇಕಾಗಿಲ್ಲ.

ಅವರನ್ನು ಸುಮ್ನೆ ಬೈಯುವುದೂ ತಪ್ಪು. ಎಂಟು ಗಂಟೆಯ ಅಮೆರಿಕನ್ ಧಾರಾವಾಹಿಗೆ ಬರುವ ಜಾಹೀರಾತೇ ಆರು ಗಂಟೆಯ ಸುದ್ದಿಯ ಕ್ಯಾಮೆರಾದವನಿಗೆ ಸಂಬಳ ಕೊಡುತ್ತಿತ್ತು ಅನ್ನುವ ಮಾತಿನಲ್ಲಿ ನಿಜ ಇದೆ. ಸಣ್ಣ ಊರಿನ ಸುದ್ದಿ ತನ್ನ ಕಾಲ ಮೇಲೆ ತಾನು ನಿಲ್ಲುವುದು ಕಷ್ಟ. ಕೊಂಡ ಧಾರಾವಾಹಿಯಲ್ಲಿ ಲಾಭ ಮಾಡಿ ಆ ಲಾಭದಿಂದ ಊರಿನ ಸುದ್ದಿ ನಡೆಸುವುದು ಹಳೆಯ ಒಪ್ಪಂದ. 2008ರ ಕೊನೆಯ ಆರ್ಥಿಕ ಕುಸಿತದಲ್ಲಿ ಜಾಹೀರಾತು ಬಿದ್ದಾಗ ಮುರಿದದ್ದು ಈ ಒಪ್ಪಂದ. ಮುರಿದಾಗ ಕತ್ತರಿ ಯಾವ ಗಂಟೆಗೆ ಬಿತ್ತು ಅನ್ನುವುದೇ ಪ್ರಶ್ನೆ.

ಹ್ಯಾಮಿಲ್ಟನ್ನಿನ ಉದಾಹರಣೆ ನೋಡಿ. ಸಿಎಚ್‌ಸಿಎಚ್ 1954ರಲ್ಲಿ ಶುರುವಾದ ಉಕ್ಕಿನ ಕಾರ್ಖಾನೆಗಳ ಊರಿನ ಸ್ಟೇಷನ್. ಟೊರೊಂಟೊದ ನೆರಳಲ್ಲಿದ್ದೂ ತನ್ನ ಊರಿನ ಸುದ್ದಿಗೆ ಹೆಸರಾದದ್ದು. 2007ರಲ್ಲಿ ಅದರ ಮಾಲೀಕರಾದ, ಗ್ಲೋಬಲ್‌ಗೂ ಒಡೆಯರಾದ ಕ್ಯಾನ್‌ವೆಸ್ಟ್ ಇದಕ್ಕೂ, ವಿಕ್ಟೋರಿಯಾದ ಚೆಕ್ ಸ್ಟೇಷನ್ನಿಗೂ, ಇನ್ನು ಕೆಲವಕ್ಕೂ ಅಮೆರಿಕದ 'ಇ!' ಅನ್ನುವ ತಾರಾಸುದ್ದಿ ಚಾನೆಲ್ಲಿನ ಹೆಸರು ಅಂಟಿಸಿತು. ಊರಿನ ಸುದ್ದಿ ಉಳಿಯಿತು, ಆದರೆ ಅದರ ಮೇಲೂ ಕೆಳಗೂ ಹಾಲಿವುಡ್. ಎರಡು ವರ್ಷವೂ ಆಗಲಿಲ್ಲ, ಅದೇ ಕಂಪನಿ 'ಈ ಸ್ಟೇಷನ್‌ಗಳು ನಡೆಯುವುದಿಲ್ಲ' ಎಂದು ಕೈಚೆಲ್ಲಿತು. ಊರಿನ ಟಿವಿ ಸೋತಿತು ಅನ್ನುವ ಲೆಕ್ಕಕ್ಕೆ ಈ ಸೋಲೂ ಸೇರಿಕೊಂಡಿತು. ನನಗಂತೂ ಇದು ಊರಿನ ಟಿವಿಯ ಸೋಲಾಗಿ ಕಾಣುವುದಿಲ್ಲ.

ಬ್ರ್ಯಾಂಡನ್

ಬ್ರ್ಯಾಂಡನ್ ಮ್ಯಾನಿಟೋಬ ಪ್ರಾಂತ್ಯದ ಎರಡನೇ ದೊಡ್ಡ ಊರು. ಎರಡನೆಯದು ಅಂದರೂ ಆಗಿನ ಜನಸಂಖ್ಯೆ 50 ಸಾವಿರ ದಾಟಿರಲಿಲ್ಲ. ಸುತ್ತ ಗೋಧಿಯ ಬಯಲು. ರಾಜಧಾನಿ ವಿನಿಪೆಗ್ 200 ಕಿಲೋಮೀಟರಿಗೂ ಜಾಸ್ತಿ ದೂರ. ಸಿಕೆಎಕ್ಸ್ ಅಲ್ಲಿ ಶುರುವಾದದ್ದು ಜನವರಿ 1955ರಲ್ಲಿ. ಮೊದಲು ಅದು ಊರಿನದೇ ಒಂದು ಕುಟುಂಬದ ಕೈಯಲ್ಲಿತ್ತು. 2004ರಲ್ಲಿ ಒಂದು ದೊಡ್ಡ ಕಂಪನಿಯ ಪಾಲಾಯಿತು. 2007ರಲ್ಲಿ ಆ ಕಂಪನಿಯನ್ನು ಇನ್ನೂ ದೊಡ್ಡದಾದ ಸಿಟಿವಿ ನುಂಗಿತು. ಊರಿನ ಸ್ಟೇಷನ್ನಿನ ಯಜಮಾನ ಈಗ ಟೊರೊಂಟೊದಲ್ಲಿ.

2009ರ ಫೆಬ್ರವರಿಯಲ್ಲಿ ಸಿಟಿವಿ ಮೂರು ಸ್ಟೇಷನ್‌ಗಳ ಲೈಸೆನ್ಸ್ ನವೀಕರಿಸುವುದಿಲ್ಲ ಎಂದಿತು. ಬ್ರ್ಯಾಂಡನ್, ವಿಂಡ್ಸರ್, ಮತ್ತೆ ಒಂಟಾರಿಯೊದ ವಿಂಗಮ್. ವಿಂಗಮ್ ಅಂದರೆ ಮೂರು ಸಾವಿರದ ಆಸುಪಾಸು ಜನ ಇರುವ ಹಳ್ಳಿಯಂಥ ಊರು. ಅಷ್ಟು ಸಣ್ಣ ಊರಿಗೆ 1955ರಿಂದ ಸ್ವಂತ ಟಿವಿ ಇತ್ತು ಅನ್ನುವುದೇ ಆಶ್ಚರ್ಯ.

ಮುಂದೆ ನಡೆದದ್ದು ನಾಟಕದ ಥರ. ಕೇಬಲ್ ಕಂಪನಿಗಳು 'ಲೋಕಲ್ ಟಿವಿಗೆ ಕಷ್ಟ ಏನೂ ಇಲ್ಲ, ಸುಮ್ನೆ ಅಳುತ್ತಿದ್ದಾರೆ' ಅಂದವು. ಸಿಟಿವಿ 'ಹಾಗಾದರೆ ಒಂದೊಂದನ್ನು ಒಂದು ಡಾಲರಿಗೆ ತೆಗೆದುಕೊಳ್ಳಿ' ಎಂದು ಸವಾಲು ಹಾಕಿತು. ಏಪ್ರಿಲ್ 30ರಂದು ಪಶ್ಚಿಮ ಕೆನಡಾದ ದೊಡ್ಡ ಕೇಬಲ್ ಕಂಪನಿ ಶಾ, 'ಆಯಿತು, ಮೂರನ್ನೂ ಕೊಡಿ' ಅಂದಿತು. ಎರಡು ತಿಂಗಳು ಲೆಕ್ಕಪುಸ್ತಕ ನೋಡಿತು. ಜೂನ್ 30ರಂದು ಹಿಂದೆ ಸರಿಯಿತು. ವಿಂಡ್ಸರ್ ಸ್ಟೇಷನ್ನನ್ನು ನಿಧಿಯ ದುಡ್ಡು ಏರಿದ ಮೇಲೆ ಸಿಟಿವಿಯೇ ಉಳಿಸಿಕೊಂಡಿತು. ವಿಂಗಮ್ ಸ್ಟೇಷನ್ ಆಗಸ್ಟ್ 31ರಂದು ಬರೀ ರಿಲೇ ಕೇಂದ್ರವಾಯಿತು, ಲಂಡನ್ (ಇಂಗ್ಲೆಂಡಿನದಲ್ಲ, ಒಂಟಾರಿಯೊದ್ದು) ನಗರದ ಕಾರ್ಯಕ್ರಮ ಮರುಪ್ರಸಾರ ಮಾಡುವ ಟವರ್.

ಬ್ರ್ಯಾಂಡನ್ನಿಗೆ ಇನ್ನೊಬ್ಬ ಗಿರಾಕಿ ಸಿಕ್ಕ, ಬ್ಲೂಪಾಯಿಂಟ್ ಅನ್ನುವ ಹೂಡಿಕೆ ಕಂಪನಿ. ಬೆಲೆ ಅದೇ 1 ಡಾಲರ್. ಊರವರು ನೆಮ್ಮದಿಯ ಉಸಿರು ಬಿಟ್ಟರು. ಆದರೆ ಆ ವ್ಯಾಪಾರವೂ ಕೊನೆ ಗಳಿಗೆಯಲ್ಲಿ ಮುರಿದು ಬಿತ್ತು. ಅಕ್ಟೋಬರ್ 2, 2009ರಂದು ಸಿಕೆಎಕ್ಸ್ ಕೊನೆಯ ಸುದ್ದಿ ಓದಿ ಪರದೆ ಆರಿಸಿತು. 54 ವರ್ಷದ ಸ್ಟೇಷನ್.

ಒಂದು ಡಾಲರಿಗೂ ಯಾಕೆ ಹೋಗಲಿಲ್ಲ? ಸ್ಟೇಷನ್ ಅಂದರೆ ಕಟ್ಟಡ, ಕ್ಯಾಮೆರಾ ಮಾತ್ರ ಅಲ್ಲ. ಸಂಜೆ ಏಳರ ಮೇಲೆ ಏನು ತೋರಿಸುತ್ತೀರಿ ಅನ್ನುವುದಕ್ಕೆ ಉತ್ತರ ಬೇಕು. ನೆಟ್‌ವರ್ಕ್ ಬಿಟ್ಟುಹೋದ ಮೇಲೆ ಸಣ್ಣ ಊರಿನ ಸ್ಟೇಷನ್ನಿಗೆ ಧಾರಾವಾಹಿ ಕೊಳ್ಳುವ ತಾಕತ್ತಿಲ್ಲ. ಡಿಶ್ ಕಂಪನಿಗಳು ಸಣ್ಣ ಊರುಗಳ ಎಲ್ಲ ಸ್ಟೇಷನ್‌ಗಳನ್ನೂ ಉಪಗ್ರಹಕ್ಕೆ ಏರಿಸುತ್ತಿರಲಿಲ್ಲ. ಬಯಲುಸೀಮೆಯ ರೈತರ ಮನೆಯಲ್ಲಿ ಇರುವುದೋ ಡಿಶ್. ತನ್ನ ಸುತ್ತಲಿನ ಜನರಿಗೇ ಕಾಣದ ಲೋಕಲ್ ಟಿವಿಗೆ ಅಂಗಡಿಯವನು ಯಾಕೆ ಜಾಹೀರಾತು ಕೊಡುತ್ತಾನೆ, ಅಲ್ವಾ? ಶುಲ್ಕದ ಜಗಳದ ಗಲಾಟೆಯಲ್ಲಿ ಈ ಡಿಶ್ ವಿಷಯ ಪತ್ರಿಕೆಗಳ ಮೂಲೆಯಲ್ಲೇ ಉಳಿಯಿತು.

ಎರಡು ಘೋಷಣೆ, ಒಂದೇ ಮೌನ

2009ರ ಶರತ್ಕಾಲದಲ್ಲಿ ದೇಶವೆಲ್ಲ ಜಾಹೀರಾತು. ಒಂದು ಕಡೆ ಸಿಟಿವಿ, ಗ್ಲೋಬಲ್, ಜೊತೆಗೆ ಸರ್ಕಾರಿ ಸಿಬಿಸಿ, 'ಲೋಕಲ್ ಟಿವಿ ಮುಖ್ಯ' ಅಂದವು. ಇನ್ನೊಂದು ಕಡೆ ರಾಜರ್ಸ್, ಬೆಲ್, ಟೆಲಸ್ ಮೊದಲಾದ ಕೇಬಲ್, ಡಿಶ್, ಫೋನ್ ಕಂಪನಿಗಳು 'ಟಿವಿ ತೆರಿಗೆ ನಿಲ್ಲಿಸಿ' ಅಂದವು. ತಿಂಗಳಿಗೆ 10 ಡಾಲರ್ ತನಕ ಬಿಲ್ ಏರುತ್ತದೆ ಎಂದು ಹೆದರಿಸಿದವು. ಅದು ತೆರಿಗೆ ಆಗಿರಲಿಲ್ಲ, ಸರ್ಕಾರಕ್ಕೆ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ಆದರೆ 'ತೆರಿಗೆ' ಅನ್ನುವ ಶಬ್ದ ಹೋದಲ್ಲೆಲ್ಲ ಕೆಲಸ ಮಾಡುತ್ತದೆ.

ಕೇಬಲ್‌ನವರ ವಾದದಲ್ಲಿ ಹುರುಳಿತ್ತು. ಸಿಗ್ನಲ್ ಬದಲಿಸಿ ಜಾಹೀರಾತು ಉಳಿಸಿಕೊಡುವುದು ನಾವು, ನಿಮ್ಮನ್ನು ಪಟ್ಟಿಯ ಮೊದಲ ನಂಬರುಗಳಲ್ಲಿ ಇಡುವುದು ನಾವು, ಅದರ ಬೆಲೆ ಲೆಕ್ಕ ಹಾಕಿದ್ದೀರಾ ಅಂತ ಕೇಳಿದರು. ಕ್ಯಾನ್‌ವೆಸ್ಟ್‌ನ ಸಾಲವನ್ನೂ ಎತ್ತಿ ತೋರಿಸಿದರು. ಅದು ನಿಜವೇ. 2000ದಲ್ಲಿ ಪತ್ರಿಕೆಗಳ ದೊಡ್ಡ ಗುಂಪು, 2007ರಲ್ಲಿ ವಿಶೇಷ ಚಾನೆಲ್‌ಗಳ ದೊಡ್ಡ ಗುಂಪು, ಎರಡನ್ನೂ ಸಾಲದಲ್ಲಿ ಕೊಂಡಿದ್ದ ಕಂಪನಿ ಸುಮಾರು 400 ಕೋಟಿ ಡಾಲರ್ ಸಾಲದಲ್ಲಿ ಮುಳುಗಿತ್ತು. ಅಕ್ಟೋಬರ್ 6ರಂದು, ಬ್ರ್ಯಾಂಡನ್ ಸ್ಟೇಷನ್ ಮುಚ್ಚಿದ ನಾಲ್ಕೇ ದಿನಕ್ಕೆ, ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಆ ಸಾಲಕ್ಕೂ ಊರಿನ ಸುದ್ದಿಯ ಖರ್ಚಿಗೂ ಸಂಬಂಧ ಇರಲಿಲ್ಲ.

ಎರಡೂ ಕಡೆಯವರು ಬಾಯಿ ಬಿಡದೆ ದಾಟಿಹೋದ ವಿಷಯ ಎಂಟು ಗಂಟೆಯದು. ಸಿಟಿವಿಯ ಜಾಹೀರಾತಿನಲ್ಲಿ ಊರಿನ ವರದಿಗಾರರು, ಶಾಲೆಯ ಮಕ್ಕಳು, ದಾನ ಸಂಗ್ರಹದ ಕಾರ್ಯಕ್ರಮ. ಲಾಸ್ ಏಂಜಲೀಸ್ ಇಲ್ಲ. ಕೇಬಲ್ ಕಂಪನಿಗಳಿಗೂ ಅದನ್ನು ಕೆದಕುವ ಆಸೆ ಅಷ್ಟಾಗಿ ಇರಲಿಲ್ಲ. ಅವರು ಮಾರುತ್ತಿದ್ದ ಪ್ಯಾಕೇಜ್‌ಗಳ ಆಕರ್ಷಣೆಯೂ ಅಮೆರಿಕದ ಚಾನೆಲ್‌ಗಳೇ.

ಕೇಳಿದ ಕೆಲವರಲ್ಲಿ ಒಬ್ಬರು ಆಗಿನ ಸಿಆರ್‌ಟಿಸಿ ಅಧ್ಯಕ್ಷ ಕಾನ್ರಾಡ್ ಫಾನ್ ಫಿಂಕೆನ್‌ಸ್ಟೈನ್. 2009ರ ಶುರುವಿನಲ್ಲಿ ಅವರ ಸಂಸ್ಥೆ ಒಂದಕ್ಕೊಂದು ಅನ್ನುವ ಸೂತ್ರ ಮುಂದಿಟ್ಟಿತು. ಹೊರದೇಶದ ಕಾರ್ಯಕ್ರಮಕ್ಕೆ ಒಂದು ಡಾಲರ್ ಖರ್ಚು ಮಾಡಿದರೆ ಸ್ವದೇಶಕ್ಕೂ ಒಂದು ಡಾಲರ್ ಮಾಡಿ. ನೆಟ್‌ವರ್ಕ್‌ಗಳು ಒಪ್ಪಲಿಲ್ಲ. ಸೂತ್ರ ಮೆಲ್ಲಗೆ ಕೈಬಿಟ್ಟುಹೋಯಿತು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು ಇದೇ. ದುಡ್ಡು ಬೇಕು ಅಂದವರ ಕೈಯಲ್ಲಿ ಆ ಹೊತ್ತಿಗೆ ಬೇರೆ ಆಟ ಇರಲಿಲ್ಲ. ಶುಲ್ಕ ಬೇಕಾದರೆ ಖರ್ಚಿನ ಲೆಕ್ಕ ಬದಲಿಸಿ ಎಂದು ಸಿಆರ್‌ಟಿಸಿ ಹಿಡಿದು ಕೂರಬಹುದಾಗಿತ್ತು. ಆ ವರ್ಷ ನೆಟ್‌ವರ್ಕ್‌ಗಳಿಗೆ ಎಂದಿನ ಏಳು ವರ್ಷದ ಬದಲು ಒಂದೇ ವರ್ಷಕ್ಕೆ ಲೈಸೆನ್ಸ್ ಕೊಟ್ಟದ್ದು ನೋಡಿದರೆ, ಚೌಕಾಸಿಗೆ ಸಮಯವೂ ಇತ್ತು.

ಮಾರ್ಚ್ 22, 2010ರಂದು ತೀರ್ಮಾನ ಬಂತು. ಸ್ಟೇಷನ್‌ಗಳು ಕೇಬಲ್ ಕಂಪನಿಗಳ ಜೊತೆ ಸಿಗ್ನಲ್ಲಿನ ಬೆಲೆ ಮಾತಾಡಬಹುದು. ಮಾತು ಮುರಿದರೆ ತಾವು ಹಕ್ಕು ಕೊಂಡ ಕಾರ್ಯಕ್ರಮಗಳನ್ನು ಕೇಬಲ್‌ನಲ್ಲಿ ಯಾವ ಚಾನೆಲ್ಲಿನಲ್ಲೂ ಬಾರದಂತೆ ತಡೆಯಬಹುದು. ಅಂದರೆ ಚೌಕಾಸಿಯ ಮೇಜಿನ ಮೇಲೆ ಇಡಲು ಸ್ಟೇಷನ್ನಿಗೆ ಕೊಟ್ಟ ಆಯುಧ ಎಂಟು ಗಂಟೆಯ ಅಮೆರಿಕನ್ ಧಾರಾವಾಹಿಯೇ! ಆರು ಗಂಟೆಯ ಸುದ್ದಿ ತೋರಿಸುವುದಿಲ್ಲ ಎಂದು ಹೆದರಿಸಿದರೆ ಯಾರು ಹೆದರುತ್ತಾರೆ?

ಅದೇ ನೀತಿಯಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. ದೊಡ್ಡ ಗುಂಪುಗಳು ಒಟ್ಟು ಆದಾಯದ ಶೇ 30ರಷ್ಟನ್ನು ಸ್ವದೇಶಿ ಕಾರ್ಯಕ್ರಮಕ್ಕೆ, ಅದರೊಳಗೇ ಆದಾಯದ ಕನಿಷ್ಠ ಶೇ 5ನ್ನು ನಾಟಕ, ಸಾಕ್ಷ್ಯಚಿತ್ರದಂಥವಕ್ಕೆ ಖರ್ಚು ಮಾಡಬೇಕು. 1999ರಲ್ಲಿ ತೆಗೆದ ಖರ್ಚಿನ ಷರತ್ತು ಬೇರೆ ರೂಪದಲ್ಲಿ ವಾಪಸ್ ಬಂತು. ಆದರೆ ಅದು ಗುಂಪಿನ ಲೆಕ್ಕ, ಊರಿನ ಲೆಕ್ಕ ಅಲ್ಲ.

ಕೋರ್ಟಿನಲ್ಲಿ

ಬೆಲೆ ಮಾತಾಡಿಸುವ ಅಧಿಕಾರ ತನಗೆ ಇದೆಯೇ ಎಂದು ಸಿಆರ್‌ಟಿಸಿಯೇ ಕೋರ್ಟನ್ನು ಕೇಳಿತು. ಫೆಬ್ರವರಿ 2011ರಲ್ಲಿ ಮೇಲ್ಮನವಿ ಕೋರ್ಟ್ ಇದೆ ಅಂದಿತು. ಡಿಸೆಂಬರ್ 13, 2012ರಂದು ಸುಪ್ರೀಂ ಕೋರ್ಟ್ ಇಲ್ಲ ಅಂದಿತು, ಐದಕ್ಕೆ ನಾಲ್ಕರ ಬಹುಮತದಲ್ಲಿ. ಕಾರಣ ಸರಳ. ಊರಿನ ಸಿಗ್ನಲ್ಲನ್ನು ಕೇಬಲ್ ಕಂಪನಿ ದುಡ್ಡು ಕೊಡದೆ ಮರುಪ್ರಸಾರ ಮಾಡಬಹುದು ಎಂದು ಸಂಸತ್ತು ಕಾಪಿರೈಟ್ ಕಾನೂನಿನಲ್ಲಿ ಬರೆದಿಟ್ಟಿದೆ. ಅದನ್ನು ಪ್ರಸಾರ ಕಾನೂನಿನ ಹಿಂಬಾಗಿಲಿನಿಂದ ಬದಲಿಸಲು ನಿಯಂತ್ರಣ ಸಂಸ್ಥೆಗೆ ಆಗುವುದಿಲ್ಲ.

ತೀರ್ಪಿಗಿಂತ ಕಕ್ಷಿದಾರರ ಪಟ್ಟಿ ಸ್ವಾರಸ್ಯ. ಒಂದು ಕಡೆ ಕೊಜೆಕೊ, ರಾಜರ್ಸ್, ಟೆಲಸ್, ಶಾ. ಎದುರು ಬೆಲ್ ಮೀಡಿಯಾ. 2009ರಲ್ಲಿ 'ಟಿವಿ ತೆರಿಗೆ ನಿಲ್ಲಿಸಿ' ಎಂದು ಜಾಹೀರಾತು ಹಾಕಿದ್ದ ಅದೇ ಬೆಲ್. ನಡುವೆ ಆದದ್ದು ಇಷ್ಟೇ. ಸೆಪ್ಟೆಂಬರ್ 2010ರಲ್ಲಿ ಬೆಲ್ ಸಿಟಿವಿಯನ್ನು ಕೊಳ್ಳುವುದಾಗಿ ಘೋಷಿಸಿ, ಏಪ್ರಿಲ್ 2011ರಲ್ಲಿ ಕೊಂಡು ಮುಗಿಸಿತು. ಕುರ್ಚಿ ಬದಲಾಯಿತು, ವಾದವೂ ಬದಲಾಯಿತು. ಶಾ ಕೂಡ 2010ರಲ್ಲಿ ಕ್ಯಾನ್‌ವೆಸ್ಟ್‌ನ ಟಿವಿ ಆಸ್ತಿ ಕೊಂಡು ಗ್ಲೋಬಲ್‌ನ ಒಡೆಯನಾಗಿತ್ತು, ಆದರೂ ಕೇಬಲ್ ಕಡೆಯೇ ನಿಂತಿತು.

ಇತ್ತ ಸಣ್ಣ ಊರುಗಳ ನಿಧಿಯನ್ನೂ ಸಿಆರ್‌ಟಿಸಿ ಮುಚ್ಚಿತು. ತೀರ್ಮಾನ ಜುಲೈ 2012ರದು. ದರವನ್ನು ಹಂತಹಂತವಾಗಿ ಇಳಿಸಿ ಆಗಸ್ಟ್ 31, 2014ಕ್ಕೆ ಮುಗಿಸಿದರು. ಶುಲ್ಕವೂ ಇಲ್ಲ, ನಿಧಿಯೂ ಇಲ್ಲ.

2 ಡಾಲರಿನ ಸ್ಟೇಷನ್, 12 ಡಾಲರಿನ ಸ್ಟೇಷನ್

ವಿಕ್ಟೋರಿಯಾದ ಚೆಕ್ ಬಗ್ಗೆ ಹೇಳದೆ ಈ ಕಥೆ ಮುಗಿಸಿದರೆ ಅನ್ಯಾಯ. ಅದು ಬ್ರಿಟಿಷ್ ಕೊಲಂಬಿಯಾದ ಮೊದಲ ಖಾಸಗಿ ಟಿವಿ ಸ್ಟೇಷನ್, 1956ರದು. ಜುಲೈ 2009ರಲ್ಲಿ ಕ್ಯಾನ್‌ವೆಸ್ಟ್ ಆಗಸ್ಟ್ 31ಕ್ಕೆ ಮುಚ್ಚುತ್ತೇವೆ ಎಂದಿತು. ಅಲ್ಲಿನ ನೌಕರರು ತಮ್ಮ ಉಳಿತಾಯ ಹಾಕಿದರು, ಊರಿನ ಕೆಲವು ಹೂಡಿಕೆದಾರರನ್ನು ಸೇರಿಸಿದರು, ಒಟ್ಟು 25 ಲಕ್ಷ ಡಾಲರ್ ಕೂಡಿಸಿದರು. ಕಂಪನಿ ಮೊದಲು ಒಪ್ಪಲಿಲ್ಲ. ಕೊನೆಗೆ ಸೆಪ್ಟೆಂಬರ್ ಮೊದಲ ವಾರ 2 ಡಾಲರಿಗೆ ಬಿಟ್ಟುಕೊಟ್ಟಿತು. ಕೂಡಿಸಿದ ದುಡ್ಡು ನಡೆಸುವುದಕ್ಕೆ.

ನೌಕರರೇ ಒಡೆಯರಾದ ಮೇಲೆ ಮೊದಲು ಬದಲಾದದ್ದು ವೇಳಾಪಟ್ಟಿ. ಹಾಲಿವುಡ್ ಹೆಸರು ಹೋಯಿತು. ಊರಿನ ಸುದ್ದಿ, ವಿಕ್ಟೋರಿಯಾ ಇರುವ ದ್ವೀಪದ ಜನಜೀವನದ ಕಾರ್ಯಕ್ರಮ ಮುಂದೆ ಬಂದವು. ಕೊಂಡ ಕಾರ್ಯಕ್ರಮಗಳೂ ಇದ್ದವು, ಆದರೆ ಹರಾಜಿನಲ್ಲಿ ಯಾರೊಂದಿಗೂ ಜಿದ್ದಿಗೆ ಬೀಳುವ ಅಗತ್ಯ ಇರಲಿಲ್ಲ. ಆ ಸ್ಟೇಷನ್ ಇವತ್ತಿಗೂ ನಡೆಯುತ್ತಿದೆ.

ಹ್ಯಾಮಿಲ್ಟನ್ನಿನದು ಅಷ್ಟು ನೇರ ಕಥೆಯಲ್ಲ. ಸಿಎಚ್‌ಸಿಎಚ್ ಕೊಂಡ ಚಾನೆಲ್ ಜೀರೋ ಕಂಪನಿ ಹೊಸದೊಂದು ಲೆಕ್ಕ ಹಾಕಿತು. ಹಗಲೆಲ್ಲ ಸುದ್ದಿ, ರಾತ್ರಿ ಸಿನಿಮಾ. ವಾರಕ್ಕೆ 80 ಗಂಟೆ ಸುದ್ದಿ! ಆರು ವರ್ಷ ಹೀಗೆ ಎಳೆಯಿತು. ಡಿಸೆಂಬರ್ 11, 2015ರ ಶುಕ್ರವಾರ ಸುದ್ದಿ ವಿಭಾಗ ನಡೆಸುತ್ತಿದ್ದ ಕಂಪನಿ ದಿವಾಳಿ ಅರ್ಜಿ ಹಾಕಿತು. 129 ಕಾಯಂ, 38 ಅರೆಕಾಲಿಕ ನೌಕರರ ಕೆಲಸ ಒಂದೇ ದಿನದಲ್ಲಿ ಹೋಯಿತು. ಅವತ್ತು ಸಂಜೆ ಆರು ಗಂಟೆಗೆ ಹ್ಯಾಮಿಲ್ಟನ್ನಿನಲ್ಲಿ ಸುದ್ದಿ ಬರಲಿಲ್ಲ. ಮುಂದಿನ ವಾರ ಅರ್ಧಕ್ಕೂ ಕಡಿಮೆ ಜನರನ್ನು ಇಟ್ಟುಕೊಂಡು ವಾರಕ್ಕೆ 17.5 ಗಂಟೆಯ ಸುದ್ದಿ ಮತ್ತೆ ಶುರುವಾಯಿತು. ಒಳ್ಳೆಯ ವೇಳಾಪಟ್ಟಿ ಇದ್ದರೆ ಸಾಕು, ದುಡ್ಡು ತಾನಾಗಿ ಬರುತ್ತದೆ ಎಂದು ನಂಬುವವರು ಈ ಶುಕ್ರವಾರವನ್ನು ಮರೆಯಬಾರದು. ನಾನೂ ಹಾಗೆ ನಂಬುವ ಕಡೆ ವಾಲುತ್ತೇನೆ, ಅದಕ್ಕೇ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಇದಾದ ಮೇಲೆ ಸಿಆರ್‌ಟಿಸಿ ದಾರಿ ಬದಲಿಸಿತು. ಸೆಪ್ಟೆಂಬರ್ 2017ರಿಂದ ಸ್ವತಂತ್ರ ಸ್ಟೇಷನ್‌ಗಳ ಸುದ್ದಿಗೇ ಮೀಸಲಾದ ಹೊಸ ನಿಧಿ ಬಂತು. ಕೇಬಲ್ ಆದಾಯದ ಶೇ 0.3, ವರ್ಷಕ್ಕೆ ಸುಮಾರು 2.3 ಕೋಟಿ ಡಾಲರ್. ಚೆಕ್‌ಗೂ ಸಿಎಚ್‌ಸಿಎಚ್‌ಗೂ ಪಾಲು ಸಿಕ್ಕಿತು. ಈ ದುಡ್ಡು ಊರಿನ ಸುದ್ದಿಗೇ ಹೋಗಬೇಕು, ಧಾರಾವಾಹಿಗೆ ತಿರುಗಿಸುವಂತಿಲ್ಲ. ಈ ಷರತ್ತನ್ನು 2009ರ ದೊಡ್ಡ ಜಗಳದಲ್ಲೇ ಹಾಕಬಹುದಾಗಿತ್ತು.

ದೊಡ್ಡವರ ಕಡೆ ಏನಾಯಿತು? ಜೂನ್ 2023ರಲ್ಲಿ ಬೆಲ್, ಊರಿನ ಸುದ್ದಿ ಇಷ್ಟು ಗಂಟೆ ಇರಬೇಕು ಅನ್ನುವ ಷರತ್ತನ್ನೇ ತೆಗೆಯಿರಿ ಎಂದು ಅರ್ಜಿ ಹಾಕಿತು. ಫೆಬ್ರವರಿ 2024ರಲ್ಲಿ 4,800 ಹುದ್ದೆ ಕಡಿತ ಘೋಷಿಸಿತು. ಟೊರೊಂಟೊ ಬಿಟ್ಟು ಉಳಿದ ಸಿಟಿವಿ ಸ್ಟೇಷನ್‌ಗಳಲ್ಲಿ ಮಧ್ಯಾಹ್ನದ ಸುದ್ದಿ ನಿಂತಿತು. ಮೂರು ನಗರ ಬಿಟ್ಟು ಬೇರೆಲ್ಲ ಕಡೆ ವಾರಾಂತ್ಯದ ಆರು ಗಂಟೆಯ ಸುದ್ದಿಯೂ ನಿಂತಿತು. ಸುದ್ದಿಯಿಂದ ವರ್ಷಕ್ಕೆ 4 ಕೋಟಿ ಡಾಲರಿಗೂ ಜಾಸ್ತಿ ನಷ್ಟ ಅನ್ನುವುದು ಕಂಪನಿಯ ಮಾತು.

ಅದೇ ವರ್ಷ ಜೂನ್‌ನಲ್ಲಿ ಸಿಆರ್‌ಟಿಸಿ ದೊಡ್ಡ ವಿದೇಶಿ ಸ್ಟ್ರೀಮಿಂಗ್ ಕಂಪನಿಗಳ ಕಡೆ ತಿರುಗಿತು. ಕೆನಡಾದಲ್ಲಿ ಗಳಿಸಿದ್ದರ ಶೇ 5 ಕೊಡಿ, ಅದರಲ್ಲಿ ಒಂದು ಪಾಲು ಊರಿನ ಸುದ್ದಿಗೆ ಎಂದಿತು. ಕಂಪನಿಗಳು ಕೋರ್ಟಿಗೆ ಹೋದವು. ಸಂಗೀತ ಸ್ಟ್ರೀಮಿಂಗ್ ಕಂಪನಿಗಳ ಒಕ್ಕೂಟ ಜನರ ಮುಂದೆಯೂ ಹೋಯಿತು, ಒಂದು ಘೋಷಣೆ ಹಿಡಿದು: 'ಸ್ಟ್ರೀಮಿಂಗ್ ತೆರಿಗೆ ರದ್ದು ಮಾಡಿ.'